ಒಳಗೆ ಬಿಟ್ಟ ಎರಡಿಂಚು

(ಕಲಬುರಗಿಯಲ್ಲಿ ಹೊಲಿಗೆ ತರಬೇತಿ ಮುಗಿಸಿದ ಹೆಣ್ಣುಮಕ್ಕಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಅಕ್ಕಂದಿರೇ, ತಂಗಿಯರೇ,

ಮಾತು ಶುರು ಮಾಡುವ ಮುಂಚೆ ಈ ಕೋಟನ್ನು ಮುಂದಿನ ಸಾಲಿಗೆ ಕೊಡುತ್ತೇನೆ. ಕೈಯಿಂದ ಕೈಗೆ ದಾಟಿಸಿ ಹಿಂದಿನ ಸಾಲಿನ ತನಕ ಕಳಿಸಿ. ಮುಟ್ಟಿ ನೋಡಿ, ಒಳಮೈ ತಿರುವಿ ನೋಡಿ. ಕೆಂಪು ಮಖಮಲ್ಲು, ಎದೆಗೆ ಜರಿ ಪಟ್ಟಿ, ಕಾಲರು ಗಟ್ಟಿ ನಿಲ್ಲಲು ಒಳಗೆ ಬಕ್ರಂ. ಇದು ದುರ್ಯೋಧನನ ಕೋಟು. ಎರಡೂ ಬಗಲಲ್ಲಿ ಒಂದೊಂದು ಚೌಕ ತುಂಡು ಕೂತಿದೆ, ಬಣ್ಣ ಸ್ವಲ್ಪ ಬೇರೆ. ನಾನು ಈ ಕೆಲಸದಲ್ಲಿ ಕಲಿತದ್ದು ಬಹುಪಾಲು ಆ ತುಂಡಿನಿಂದಲೇ.

22 ವರ್ಷದ ಹಿಂದಿನ ಮಾತು. ಬ್ರಹ್ಮಪುರದಲ್ಲಿ ನಮ್ಮ ಮನೆಯ ಪಡಸಾಲೆಯೇ ಅಂಗಡಿ. ಒಂದು ಕಾಲಿನ ಮಷೀನು, ಒಂದು ಕತ್ತರಿ, ಗೋಡೆಗೆ ಒಂದು ಕನ್ನಡಿ. ಜಂಪರು, ಪರಕಾರ, ಸೀರೆಗೆ ಫಾಲು, ಪಿಕೊ, ಇಷ್ಟೇ ಕೆಲಸ. ಆಳಂದ ಕಡೆಯ ಒಂದು ಹಳ್ಳಿಯವರು ಜಾತ್ರೆಗೆ ನಾಟಕ ಆಡುವವರಿದ್ದರು. ಪ್ರತಿ ವರ್ಷ ಡ್ರೆಸ್ಸು ಬಾಡಿಗೆಗೆ ತರುತ್ತಿದ್ದರು. ಕಂಡವರ ಬೆವರು ಕುಡಿದ ಡ್ರೆಸ್ಸು ಸಾಕಾಗಿ, ಆ ವರ್ಷ ಸ್ವಂತದ್ದು ಹೊಲಿಸೋಣವೆಂದು ಬಂದರು. ನನಗೆ ಹಿಗ್ಗೋ ಹಿಗ್ಗು. ವೇಷ ಹೊಲಿಯಬೇಕೆಂಬ ಆಸೆ ಮೊದಲಿನಿಂದಲೂ ಇತ್ತು, ಕೇಳಿಕೊಂಡು ಬರುವವರು ಸಿಕ್ಕಿರಲಿಲ್ಲ.

ಮಖಮಲ್ಲು ದುಬಾರಿ. ಅವರದು ಊರಲ್ಲಿ ಪಟ್ಟಿ ಎತ್ತಿ ಕೂಡಿಸಿದ ದುಡ್ಡು. ನಾಲ್ಕು ಕಾಸು ಉಳಿಸಿಕೊಡಬೇಕೆಂದು ಅರಿವಿಯನ್ನು ಹಿಡಿದು ಹಿಡಿದು ಕತ್ತರಿಸಿದೆ. ಹೊಲಿಗೆಯ ಒಳಗೆ ಕಾಲಿಂಚು ಮಾತ್ರ ಬಿಟ್ಟೆ. ತೋಳನ್ನು ಶರ್ಟಿನ ತೋಳಿನಂತೆ ಮುಂಡಾದ, ಅಂದರೆ ತೋಳು ಕೂಡುವ ತೂತಿನ, ಸುತ್ತ ಬಿಗಿಯಾಗಿ ಕೂಡಿಸಿದೆ. ಹಾಕಿ ನೋಡಿದ ದಿನ ದುರ್ಯೋಧನನ ಪಾತ್ರಧಾರಿ ಕನ್ನಡಿಯ ಮುಂದೆ ಕೈ ಇಳಿಬಿಟ್ಟು ನಿಂತರು. ಮೈಗೆ ಹಚ್ಚಿದಂತೆ ಕೂತಿತ್ತು, ಒಂದು ಸುಕ್ಕಿಲ್ಲ. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಜಾತ್ರೆಯ ರಾತ್ರಿ ನಾನೂ ಹೋಗಿದ್ದೆ, ಮುಂದೆಯೇ ಕೂತಿದ್ದೆ. ಗದಾಯುದ್ಧ ಬಂತು. ಗದೆಯನ್ನು ತಲೆಯ ಮೇಲೆ ಎತ್ತಿದ್ದೇ ತಡ, ಬಲ ಬಗಲು ಪರ್ ಅಂತ ಹರಿದು ಸೊಂಟದ ತನಕ ಇಳಿಯಿತು. ಅವರು ಮಾತು ನಿಲ್ಲಿಸಲಿಲ್ಲ. ಬಲಗೈಯನ್ನು ಮೈಗೆ ಒತ್ತಿ ಹಿಡಿದು, ಎಡಗೈಗೆ ಗದೆ ತೆಗೆದುಕೊಂಡು ಯುದ್ಧ ಮುಗಿಸಿದರು. ಎರಡು ದಿನ ಬಿಟ್ಟು ಅಂಗಡಿಗೆ ಬಂದರು. ಬೈಯಲಿಲ್ಲ. ಕೋಟು ಮೇಜಿನ ಮೇಲಿಟ್ಟು, "ಗದಾ ಎತ್ತಲಾರದ ದುರ್ಯೋಧನ ಎಲ್ಲ್ಯಾರ ಇರ್ತಾನೇನ್ರಿ ಅಕ್ಕಾ?" ಎಂದರು, ಅಷ್ಟೇ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ನಮ್ಮ ಓಣಿಯ ಆಚೆ ಶೇರವಾನಿ ಹೊಲಿಯುವ ಒಬ್ಬ ಉಸ್ತಾದರಿದ್ದರು. ಈಗ ಅವರಿಲ್ಲ. ಕೋಟು ಒಯ್ದು ತೋರಿಸಿದೆ. ಬಗಲನ್ನು ಬೆಳಕಿಗೆ ಹಿಡಿದು ನೋಡಿ, "ಬೇಟಿ, ನೀ ಅರಿವಿ ಉಳಿಸೀದಿ, ತೋಳ ಕೊಂದೀದಿ" ಎಂದರು. ಆಮೇಲೆ ಪೆಟ್ಟಿಗೆಯಿಂದ ಒಂದು ಹಳೆಯ ಕುರ್ತಾ ತೆಗೆದು ಚೌಬಗಲಾ ತೋರಿಸಿದರು. ಬಗಲಲ್ಲಿ ಕೂರಿಸುವ ಚೌಕ ತುಂಡಿಗೆ ದರ್ಜಿಗಳು ಹಾಗೆನ್ನುತ್ತಾರೆ. ದೊಡ್ಡವರಿಗೆ ನಾಲ್ಕಿಂಚಿನ ಚೌಕ, ಸುತ್ತ ಹೊಲಿಗೆಗೆ ಅರ್ಧ ಇಂಚು. ಎರಡು ಅಂಚು ತೋಳಿಗೆ, ಎರಡು ಅಂಚು ಪಕ್ಕೆಗೆ ಕೂಡಬೇಕು. ಕೈ ಇಳಿದಾಗ ತುಂಡು ಮೂಲೆಯಿಂದ ಮೂಲೆಗೆ ಮಡಚಿ ಒಳಗೆ ಅಡಗುತ್ತದೆ, ಎತ್ತಿದಾಗ ರೆಕ್ಕೆಯಂತೆ ಬಿಚ್ಚಿಕೊಳ್ಳುತ್ತದೆ. ಎಳೆತ ಓರೆಯಲ್ಲಿ ಬೀಳುವುದರಿಂದ ಉದ್ದ ನೂಲೂ ಅಡ್ಡ ನೂಲೂ ಭಾರವನ್ನು ಹಂಚಿಕೊಂಡು ಅರಿವಿ ಹಿಗ್ಗುತ್ತದೆ. ಮಖಮಲ್ಲು ಹಿಗ್ಗದಿದ್ದರೂ ಆ ಚೌಕ ಹಿಗ್ಗುತ್ತದೆ. ಹಿಂದಿನವರು ಇದನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ, ಕುದುರೆ ಹತ್ತುವವರಿಗೆ, ಹೊಲ ಉಳುವವರಿಗೆ ಹೊಲಿದು ಹೊಲಿದು ಕಂಡುಕೊಂಡದ್ದು.

ನಾನು ಕೋಟಿನ ಎರಡೂ ಪಕ್ಕ ಬಿಚ್ಚಿ, ಅಗಲ ಪಟ್ಟಿ ಸೇರಿಸಿ, ಒಳಗೆ ಎರಡೆರಡು ಇಂಚು ಬಿಟ್ಟು ಮತ್ತೆ ಹೊಲಿದೆ. ಬಗಲಿಗೆ ಚೌಬಗಲಾ ಕೂರಿಸಿದೆ. ಅದೇ ಥಾನಿನ ಮಖಮಲ್ಲು ಸಿಗಲಿಲ್ಲವಾಗಿ ಬಣ್ಣ ಬೇರೆಯಾಯಿತು.

ಅವತ್ತಿನಿಂದ ನಾನು ಯಾರ ಅಳತೆಯನ್ನೂ ಬರಿದೇ ನಿಲ್ಲಿಸಿ ತೆಗೆದುಕೊಂಡಿಲ್ಲ. ಮಗು ಬಂದರೆ ಯಾವ ಪಾತ್ರ ಎಂದು ಕೇಳುತ್ತೇನೆ. ಒನಕೆ ಓಬವ್ವ ಎಂದರೆ ನೆಲ ಒರೆಸುವ ಕೋಲು ಕೈಗೆ ಕೊಟ್ಟು, ಒನಕೆ ಬೀಸಿ ತೋರಿಸು ಎನ್ನುತ್ತೇನೆ. ಕೃಷ್ಣ ಎಂದರೆ ಕಾಲು ಅಡ್ಡ ಹಾಕಿ ನಿಲ್ಲು ಎನ್ನುತ್ತೇನೆ. ಸಂಗೊಳ್ಳಿ ರಾಯಣ್ಣನಾದರೆ ಓಡಿಸುತ್ತೇನೆ. ಟೇಪು ಆಮೇಲೆ. ತರಬೇತಿಯಲ್ಲಿ ನಿಮಗೆ ಎದೆ, ಸೊಂಟ, ಭುಜ, ಉದ್ದ ಎಂದು ಹೇಳಿಕೊಟ್ಟಿರುತ್ತಾರೆ. ಅದು ಬೇಕೇ ಬೇಕು. ಆದರೆ ವೇಷದ ಅಳತೆ ಇರುವುದು ಆ ಮೈ ಏನು ಮಾಡುತ್ತದೆ ಎಂಬುದರಲ್ಲಿ. ನಮ್ಮ ಕಸುಬಿನಲ್ಲಿ ಸೃಷ್ಟಿ ಅಂತ ಏನಾದರೂ ಇದ್ದರೆ ಅದು ಶುರುವಾಗುವುದು ಅಲ್ಲಿಂದ ಎಂದು ನಾನು ನಂಬಿದ್ದೇನೆ.

ಈಗ ಗಿರಾಕಿಗಳು ಮೊಬೈಲಿನಲ್ಲಿ ಫೋಟೊ ತರುತ್ತಾರೆ. "ಸೇಮ್ ಹಿಂಗೇ ಬೇಕ್ರಿ" ಎನ್ನುತ್ತಾರೆ. ನಾನು ಸಣ್ಣವಳಿದ್ದಾಗ ಮೊಬೈಲಿನ ಜಾಗದಲ್ಲಿ ಕ್ಯಾಲೆಂಡರು ಇತ್ತು. ಆ ಕ್ಯಾಲೆಂಡರಿನ ದೇವರುಗಳ ಅರಿವಿಯನ್ನು ಎಷ್ಟೋ ಜನರ ಕಣ್ಣಿನಲ್ಲಿ ನಿಲ್ಲಿಸಿದವರು ನಮ್ಮೂರಿನವರೇ, ಎಸ್.ಎಂ. ಪಂಡಿತರು. 1916ರಲ್ಲಿ ಇಲ್ಲಿ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಪೋಸ್ಟರು, ಪುರಾಣದ ಚಿತ್ರ ಬರೆದು ದೇಶಕ್ಕೆಲ್ಲ ಹೆಸರಾದರು. ನಾವೆಲ್ಲ ಶಾಲೆಯ ವಾರ್ಷಿಕೋತ್ಸವ, ಅದೇ ಗ್ಯಾದರಿಂಗ್, ನೋಡಲು ಹೋಗುವ ರಂಗಮಂದಿರಕ್ಕೆ ಅವರದೇ ಹೆಸರು. ಅವರ ಚಿತ್ರದಲ್ಲಿ ಸೆರಗು ಬೀಳುವ ರೀತಿಯನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ. ಎಲ್ಲಿ ಅರಿವಿ ಮೈಗೆ ತಾಗಿದೆ, ಎಲ್ಲಿ ತನ್ನ ಭಾರಕ್ಕೆ ತಾನೇ ಜೋತಿದೆ ಎಂದು ಕಣ್ಣಿನಲ್ಲೇ ತೂಕ ಸಿಗುತ್ತದೆ. ಹೊಲಿಯುವವರು ಇದನ್ನು ನೋಡಿ ಕಲಿಯಬೇಕು.

ಆದರೆ ಚಿತ್ರದ ಸೀತೆ ಮುಖ್ಯ ಅತಿಥಿಗಳಿಗಾಗಿ ಎರಡು ತಾಸು ಜಮಖಾನೆಯ ಮೇಲೆ ಕೂತು ಕಾಯುವುದಿಲ್ಲ. ಚಿತ್ರದ ಕೃಷ್ಣನಿಗೆ ನಡುವೆ ಒಂದಕ್ಕೆ ಬರುವುದಿಲ್ಲ. ನಮ್ಮ ಕೃಷ್ಣನಿಗೆ ಬರುತ್ತದೆ, ಅದೂ ಹೆಸರು ಕೂಗುವ ಹೊತ್ತಿಗೇ ಬರುತ್ತದೆ. ಅದಕ್ಕೇ ಸಣ್ಣ ಮಕ್ಕಳ ಪೀತಾಂಬರಕ್ಕೆ ಲಾಡಿ ಹಾಕಬೇಡಿ, ಇಲಾಸ್ಟಿಕ್ ಹಾಕಿ. ಮುಂದಿನ ನೆರಿಗೆಯನ್ನು ಮೊದಲೇ ಹಿಡಿದು ಹೊಲಿದುಬಿಡಿ, ಬಿಚ್ಚಿದರೂ ನೆರಿಗೆ ಕೆಡಬಾರದು. ಹಿಂದೆ ಹುಕ್ಕಿನ ಬದಲು ವೆಲ್ಕ್ರೋ ಇರಲಿ. ಗಾಬರಿಯಾದ ತಾಯಿಗೆ ಕತ್ತಲಲ್ಲಿ ಹುಕ್ಕು ಸಿಗುವುದಿಲ್ಲ.

ಬಿಸಿಲಿನ ಮಾತಿಗೆ ಬರುತ್ತೇನೆ. ನಮ್ಮೂರಿನ ವೇಷಗಾರಿಕೆಗೆ ದೊಡ್ಡ ಮೇಷ್ಟ್ರು ಬಿಸಿಲೇ. ಬಸವ ಜಯಂತಿ ಬರುವುದು ವೈಶಾಖದಲ್ಲಿ. ಆಗ ಇಲ್ಲಿ 40 ಡಿಗ್ರಿ ದಾಟಿರುತ್ತದೆ. ಅಂಥದರಲ್ಲಿ ಮಕ್ಕಳಿಗೆ ಶರಣರ ವೇಷ ಹಾಕಿಸಿ ಮೆರವಣಿಗೆ. ಹೊಳೆಯುತ್ತದೆ ಎಂದು ತಂದೆ-ತಾಯಿ ಸ್ಯಾಟಿನ್ ಕೇಳುತ್ತಾರೆ. ಒಂದು ಸಲ ನಾನೂ ಒಪ್ಪಿಕೊಂಡು ಕಿತ್ತೂರು ಚೆನ್ನಮ್ಮನಿಗೆ ಸ್ಯಾಟಿನ್ ಕುಪ್ಪಸ, ಸ್ಯಾಟಿನ್ ಕಚ್ಚೆ ಹೊಲಿದು ಬಾಡಿಗೆಗೆ ಕೊಟ್ಟೆ. ಸಂಜೆ ಆ ಕೂಸು ಅರಿವಿ ವಾಪಸು ಕೊಡಲು ಅಜ್ಜಿಯ ಜೊತೆ ಬಂತು. ಕತ್ತು, ಬೆನ್ನು, ಮೊಣಕೈ ಸಂದಿಯೆಲ್ಲ ಬೆವರುಸಾಲೆ ಎದ್ದು ಕೆಂಪಾಗಿತ್ತು. ಅಜ್ಜಿ ಏನೂ ಅನ್ನಲಿಲ್ಲ, ಮೊಮ್ಮಗಳ ಬೆನ್ನಿಗೆ ಊದುತ್ತ ನಿಂತಿದ್ದರು.

ಈಗ ನನ್ನ ಚೆನ್ನಮ್ಮನ ಎದೆಯ ಭಾಗ ಮಾತ್ರ ಮಖಮಲ್ಲು. ಬೆನ್ನು ಅದೇ ಬಣ್ಣ ಹಾಕಿಸಿದ ತೆಳು ಕಾಟನ್ನು. ಮೈಗೆ ತಾಗುವಲ್ಲೆಲ್ಲ ಮಲ್ಮಲಿನ ಅಸ್ತರ. ಅದು ಬೆವರು ಹೀರುತ್ತದೆ, ಮೇಲಿನ ಅರಿವಿ ಉಳಿಯುತ್ತದೆ, ಅಸ್ತರವನ್ನು ಬಿಚ್ಚಿ ಒಗೆಯಬಹುದು. ಇನ್ನೊಂದು ಮಾತು, ಇದು ನನ್ನ ಅಭಿಪ್ರಾಯ: ಸ್ಯಾಟಿನ್ ಟ್ಯೂಬ್‌ಲೈಟಿನ ಕೆಳಗೆ ಚಂದ, ನಮ್ಮ ಬಿಸಿಲಿನಲ್ಲಿ ಅದರ ಬಣ್ಣವೇ ಕಾಣುವುದಿಲ್ಲ, ಬರೀ ಬಿಳಿ ಹೊಳಪು ಕಾಣುತ್ತದೆ. ಕೈಮಗ್ಗದ ಅರಿವಿ ಬಿಸಿಲನ್ನು ಒಳಗೆ ತೆಗೆದುಕೊಂಡು ಬಣ್ಣ ಕೊಡುತ್ತದೆ. ಇಳಕಲ್ಲಿನ ಹಳೆ ಸೀರೆ, ಕುಪ್ಪಸಕ್ಕೆ ಬಳಸುವ ಗುಳೇದಗುಡ್ಡದ ಖಣ ಸಿಕ್ಕರೆ ಬಿಡಬೇಡಿ. ಹರಿದಿದ್ದರೂ ಕೊಳ್ಳಿ. ಹರಿದ ಸೀರೆಯ ಅಂಚು ಹತ್ತು ರಾಣಿಯರಿಗೆ ಆಗುತ್ತದೆ.

ಹಗಲು ಬೆಳಕಿನ ವೇಷ ಹೇಗಿರಬೇಕೆಂದು ನನಗೆ ಮೊದಲು ತೋರಿಸಿದವರು ಹಗಲುವೇಷಗಾರರು, ಹಗಲಲ್ಲೇ ವೇಷ ಹಾಕಿ ಮನೆ ಮನೆಗೆ ಬರುವ ಬುಡ್ಗ ಜಂಗಮರು. ಸಣ್ಣವಳಿದ್ದಾಗ ನಮ್ಮ ಅಜ್ಜಿಯ ಊರಿಗೆ ಹಾರ್ಮೋನಿಯಂ, ತಬಲಾ ಹಿಡಿದು ಬರುತ್ತಿದ್ದರು. ರಾವಣ ಹೊಸ್ತಿಲ ಮುಂದೆಯೇ ಬಂದು ನಿಲ್ಲುತ್ತಿದ್ದ. ರಂಗದ ಮೇಲಿನ ರಾವಣ ನಲವತ್ತು ಅಡಿ ದೂರ, ಮೇಲೆ ಬಣ್ಣದ ಲೈಟು, ಹೊಲಿಗೆ ಬಿಟ್ಟಿದ್ದರೂ ಗೊತ್ತಾಗುವುದಿಲ್ಲ. ಇವರ ರಾವಣ ಎರಡು ಮೊಳ ದೂರದಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ. ಮೊಣಕೈಯಲ್ಲಿ ಹರಿದಲ್ಲಿ ತೇಪೆ ಹಾಕಿ, ಆ ತೇಪೆಯ ಮೇಲೆ ಜರಿ ಓಡಿಸಿ ಅದನ್ನೇ ಒಂದು ಆಭರಣ ಮಾಡಿದ್ದರು. ನಮ್ಮ ಅಜ್ಜಿ ಮೊರದಲ್ಲಿ ಜೋಳ ತಂದು ಹಾಕುವಾಗ ನಾನು ಆ ತೇಪೆಯನ್ನು ನೋಡುತ್ತ ನಿಂತಿದ್ದೆ. ಹರಿದದ್ದನ್ನು ಮುಚ್ಚುವುದಕ್ಕೂ ಹರಿದದ್ದರಿಂದ ಏನಾದರೂ ಮಾಡುವುದಕ್ಕೂ ಇರುವ ಅಂತರ ಅವತ್ತು ಕಣ್ಣಿಗೆ ಬಿದ್ದಿತ್ತು, ಹೆಸರು ಗೊತ್ತಿರಲಿಲ್ಲ.

ಈಗ ಹೇಳುವುದು ಹೇಳಲು ಕಷ್ಟದ್ದು. ಆದರೂ ಹೇಳಬೇಕು.

ಶಾಲೆಯ ಕಾರ್ಯಕ್ರಮ ಎಂದರೆ ಲಂಬಾಣಿ ನೃತ್ಯ ಇದ್ದೇ ಇರುತ್ತದೆ. ಒಂದು ವರ್ಷ ಎಂಟು ಹುಡುಗಿಯರಿಗೆ ಆರ್ಡರು ಬಂತು, ಕೈಯಲ್ಲಿ ಇದ್ದದ್ದು ಆರು ದಿನ. ಸೂಪರ್ ಮಾರ್ಕೆಟ್ಟಿಗೆ ಹೋಗಿ ಪ್ಲಾಸ್ಟಿಕ್ ಕನ್ನಡಿ, ರೆಡಿಮೇಡ್ ಲೇಸು ತಂದು, ಕನ್ನಡಿಗಳನ್ನು ಅಂಟಿನಿಂದ ಹಚ್ಚಿದೆ. ಫೇಟಿಯಾ ಅನ್ನುವ ಲಂಗ, ಕಾಂಚಳಿ ಅನ್ನುವ ಕುಪ್ಪಸ, ತಲೆಯ ಮೇಲಿನ ಓಢಣಿ ಎಲ್ಲ ಮುಗಿಸಿ ಅಂಗಡಿಯ ಮುಂದೆ ಹಗ್ಗಕ್ಕೆ ಜೋತುಹಾಕಿದ್ದೆ. ಲಂಬಾಣಿ ತಾಂಡಾದ ಒಬ್ಬ ಹಿರಿಯ ಹೆಣ್ಣುಮಗಳು ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಮೈಮೇಲೆ ಅದೇ ಉಡುಪು, ನಲವತ್ತು ವರ್ಷ ಹಾಕಿದ್ದು, ಅಸಲಿ ಗಾಜು, ಅಸಲಿ ಕವಡೆ. ಹಗ್ಗದ ಮೇಲಿನ ಒಂದು ಕನ್ನಡಿಯನ್ನು ಉಗುರಿನಿಂದ ಮೀಟಿದರು. ಅದು ಉದುರಿ ಅವರ ಅಂಗೈಗೆ ಬಿತ್ತು. ಅದನ್ನು ನನ್ನ ಕೈಗೆ ಕೊಟ್ಟು, "ನಮ್ಮ ಅರಿವಿ ನಿಮಗ ವೇಷ ಆಗ್ಯಾದೇನ ತಂಗಿ?" ಎಂದರು.

ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಕುಳಿತುಕೊಳ್ಳಿ ಎಂದು ಸ್ಟೂಲು ಕೊಟ್ಟೆ, ಚಹಾ ತರಿಸಿದೆ. ಕನ್ನಡಿ ಹೇಗೆ ಕೂರಿಸುತ್ತೀರಿ, ತೋರಿಸುತ್ತೀರಾ ಎಂದು ಕೇಳಿದೆ. ಸೂಜಿ ಕೈಗೆ ತೆಗೆದುಕೊಂಡರು. ಮೊದಲು ಗಾಜಿನ ಮೇಲೆ ಎರಡು ನೂಲು ಉದ್ದ, ಎರಡು ನೂಲು ಅಡ್ಡ, ನಡುವೆ ಒಂದು ಸಣ್ಣ ಚೌಕಟ್ಟು. ಆಮೇಲೆ ಆ ಚೌಕಟ್ಟಿನ ನೂಲಿಗೇ ಸೂಜಿ ಸಿಕ್ಕಿಸಿ, ಅರಿವಿಯಲ್ಲಿ ಒಂದು ಟಾಕಿ, ಮತ್ತೆ ನೂಲಿಗೆ, ಮತ್ತೆ ಅರಿವಿಗೆ, ಹೀಗೆ ಸುತ್ತ ಕುಣಿಕೆ ಬಿಗಿಯುತ್ತ ಹೋದರು. ಚೌಕಟ್ಟು ಎಳೆದುಕೊಂಡು ದುಂಡಾಯಿತು, ಗಾಜು ಒಳಗೆ ಕೂತಿತು. ಗಾಜಿಗೆ ತೂತಿಲ್ಲ, ಅಂಟಿಲ್ಲ. ನೂಲು ನೂಲನ್ನೇ ಹಿಡಿದು ಗಾಜನ್ನು ಹಿಡಿಯುತ್ತದೆ. ಒಂದು ಕನ್ನಡಿಗೆ ಅವರಿಗೆ ಒಂದು ಲೋಟ ಚಹಾ ಆರುವಷ್ಟು ಹೊತ್ತು ಹಿಡಿಯಿತು. ನನಗೆ ಇವತ್ತಿಗೂ ಅದರ ಎರಡರಷ್ಟು ಬೇಕು.

ಆ ಎಂಟು ಡ್ರೆಸ್ಸನ್ನು ಕೊಡುವ ದಿನಕ್ಕೆ ಕೊಡಲೇಬೇಕಿತ್ತು, ಕೊಟ್ಟೆ. ಆಮೇಲೆ ಅಂಟು ಮುಟ್ಟಿಲ್ಲ. ನಾನು ಯಾಡಿ (ಅವರ ಮಾತಿನಲ್ಲಿ ತಾಯಿ) ಎಂದೇ ಕರೆಯುವ ಅವರು ಮತ್ತು ಅವರ ತಾಂಡಾದ ಇಬ್ಬರು ಈಗ ನನಗೆ ಕಸೂತಿ ಪಟ್ಟಿ ಮಾಡಿಕೊಡುತ್ತಾರೆ. ದುಡ್ಡು ಕೈಗೆ ಕೈ, ಮೊದಲೇ. ಒಂದು ಪಟ್ಟಿಗೆ ದಿನಗಟ್ಟಲೆ ಹಿಡಿಯುತ್ತದೆ, ಪ್ರತಿ ಸೈಜಿಗೆ ಬೇರೆ ಬೇರೆ ಮಾಡಿಸುವ ಶಕ್ತಿ ನನಗಿಲ್ಲ. ಅದಕ್ಕೆ ಒಂದು ಉಪಾಯ ಕಂಡುಕೊಂಡೆ. ಫೇಟಿಯಾವನ್ನು ಸಾದಾ ಕಾಟನ್ನಿನಲ್ಲಿ ಮೂರು ಸೈಜಿನಲ್ಲಿ ಹೊಲಿದಿಟ್ಟಿದ್ದೇನೆ. ಪಟ್ಟಿಗಳನ್ನು ಕಚ್ಚಾ ಹೊಲಿಗೆಯಲ್ಲಿ ಆ ವಾರದ ಸೈಜಿಗೆ ಕೂಡಿಸುತ್ತೇನೆ, ಕೆಲಸ ಮುಗಿದ ಮೇಲೆ ಬಿಚ್ಚಿ ಹಳೆ ಪಂಚೆಯಲ್ಲಿ ಸುತ್ತಿಡುತ್ತೇನೆ. ಅರಿವಿ ಒಗೆತಕ್ಕೆ ಹೋಗುತ್ತದೆ, ಕಸೂತಿ ನೀರು ಕಾಣುವುದಿಲ್ಲ. ಒಪ್ಪಿಸುವಾಗ ಟೀಚರಿಗೆ ಒಂದು ಮಾತು ಹೇಳುತ್ತೇನೆ: ಮಕ್ಕಳಿಗೆ ಇದು ಯಾರ ಉಡುಪು, ಯಾರು ಹೊಲಿದದ್ದು ಎಂದು ಹೇಳಿ. ಕೆಲವರು ಹೇಳುತ್ತಾರೆ.

ವರ್ಷದ ದುಡಿಮೆಯ ಲೆಕ್ಕ ಕೇಳುತ್ತೀರಿ, ಬೇಗ ಹೇಳಿ ಮುಗಿಸುತ್ತೇನೆ. ಜೂನಿನಲ್ಲಿ ಯೂನಿಫಾರ್ಮು. ಆಷಾಢ ಖಾಲಿ. ಗೋಕುಲಾಷ್ಟಮಿಯಿಂದ ಕೈ ಬಿಡುವಿಲ್ಲ: ಆಗಸ್ಟ್ 15, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನವರಾತ್ರಿ, ರಾಜ್ಯೋತ್ಸವ, ಆಮೇಲೆ ಡಿಸೆಂಬರು-ಜನವರಿಯ ಗ್ಯಾದರಿಂಗ್. ವೇಷದ ಬಾಡಿಗೆಯಿಂದ ಬರುವುದಕ್ಕಿಂತ ಫಾಲು-ಪಿಕೊ, ಹಳೆ ಜಂಪರು ಸಡಿಲ ಮಾಡುವುದು, ಚೈನು ಬದಲಿಸುವುದು, ಇವೇ ಮನೆ ನಡೆಸಿದ್ದು. ಅದನ್ನು ಕೀಳು ಕೆಲಸ ಎಂದುಕೊಳ್ಳಬೇಡಿ. ಬೇರೆಯವರು ಹೊಲಿದದ್ದನ್ನು ಬಿಚ್ಚುವಾಗ ಕಲಿತಷ್ಟು ನಾನು ಬೇರೆಲ್ಲೂ ಕಲಿತಿಲ್ಲ. ಕೈಕೆಲಸದ ತಾಸುಗಳನ್ನು ಒಂದು ವಹಿಯಲ್ಲಿ ಬರೆದಿಡಿ. ಬರೆಯದಿದ್ದರೆ ನಿಮ್ಮ ಕಣ್ಣು, ನಿಮ್ಮ ಬೆನ್ನು ಪುಕ್ಕಟೆ ಹೋಗುತ್ತವೆ.

2020ರ ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲಿ. ಆಮೇಲೆ ಶಾಲೆ ಇಲ್ಲ, ಜಾತ್ರೆ ಇಲ್ಲ. ಅಸ್ತರದ ಅರಿವಿಯಲ್ಲೆಲ್ಲ ಮಾಸ್ಕು ಹೊಲಿದೆ. ಟ್ರಂಕು ಮತ್ತೆ ತೆಗೆದಾಗ ಜರಿ ಕಪ್ಪಾಗಿತ್ತು, ಮಖಮಲ್ಲು ಮಡಿಕೆಯಲ್ಲಿ ಸತ್ತುಹೋಗಿತ್ತು. ಹಿಂಬದಿಯಿಂದ ಹಬೆ ಕೊಟ್ಟು ರೋಮ ಏಳಿಸಿದೆ. ಮಖಮಲ್ಲಿನ ಮೇಲೆ ಇಸ್ತ್ರಿ ಒತ್ತಬೇಡಿ, ಯಾವತ್ತೂ. ಜರಿ ಮಾತ್ರ ಹಾಗೆಯೇ ಉಳಿಯಿತು, ಕಪ್ಪಾದ ಜರಿಯನ್ನು ಈಗ ರಾಕ್ಷಸರಿಗೆ ಬಳಸುತ್ತೇನೆ, ಹೊಸದಕ್ಕಿಂತ ಚೆನ್ನಾಗಿ ಒಪ್ಪುತ್ತದೆ.

ಕೊನೆಗೆ ಒಂದು ವೇಷದ ಕಥೆ ಹೇಳುತ್ತೇನೆ. ನನ್ನ ಕೈಯಿಂದ ಆದದ್ದರಲ್ಲಿ ನನಗೆ ತುಂಬ ಪ್ರಿಯವಾದದ್ದು.

ಎರಡು ವರ್ಷದ ಹಿಂದೆ ಬಸವ ಜಯಂತಿಯ ಮೆರವಣಿಗೆಗೆ ಒಂದು ಶಾಲೆಯಿಂದ ಶರಣರ ವೇಷಕ್ಕೆ ಹೇಳಿದ್ದರು. ಬಸವಣ್ಣ, ಅಕ್ಕಮಹಾದೇವಿ, ಅಲ್ಲಮ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನಮ್ಮ ಯಾದಗಿರಿ ಕಡೆಯ ಮುದನೂರಿನ ದಾಸಿಮಯ್ಯ. ಪಟ್ಟಿ ಮುಗಿದಿತ್ತು, ಒಬ್ಬ ಹುಡುಗ ಉಳಿದಿದ್ದ. ನಾಲ್ಕನೇ ಇಯತ್ತೆ, ದರ್ಜಿಯ ಮಗ. ಟೀಚರು ಅವನಿಗೆ ಜೈಕಾರದ ಫಲಕ ಹಿಡಿಯಲು ಹೇಳಿದ್ದರು. ಅವನ ಮುಖ ನೋಡಿ ನಾನು, ಸೂಜಿಕಾಯಕದ ರಾಮಿತಂದೆ ಇದ್ದಾರಲ್ಲ ಟೀಚರ್, ಅವರನ್ನು ಮಾಡೋಣ ಎಂದೆ. ಹನ್ನೆರಡನೇ ಶತಮಾನದ ಶರಣರು, ವಚನಕಾರರು, ಕಾಯಕ ಹೊಲಿಗೆ. ಶರಣರೆಲ್ಲ ಸೇರಿದ್ದ ಕಲ್ಯಾಣ ಎಂದರೆ ದೂರದ ಊರೇನಲ್ಲ, ನಮ್ಮ ಪಕ್ಕದ ಬೀದರ ಜಿಲ್ಲೆಯ ಬಸವಕಲ್ಯಾಣ.

ಟೀಚರು ಒಪ್ಪಿದರು. ಆದರೆ ಫೋಟೊ ಇಲ್ಲ. ನಮ್ಮ ಕೈಗೆ ಸಿಕ್ಕ ಯಾವ ಕ್ಯಾಲೆಂಡರಿನಲ್ಲೂ ಅವರಿಲ್ಲ. ನೋಡಿ ಹೊಲಿಯಲು ಏನೂ ಇಲ್ಲದೆ ಕುಳಿತದ್ದು ಅದೇ ಮೊದಲು. ಊರಿಗೆಲ್ಲ ಹೊಲಿಯುವವನು ತಾನು ಏನು ಹಾಕಿಕೊಂಡಿರುತ್ತಾನೆ? ನಮ್ಮ ಮನೆಯನ್ನೇ ನೆನೆದೆ. ಹಬ್ಬದ ದಿನ ಎಲ್ಲರ ಅರಿವಿ ಮುಗಿಸಿ ಹಳೆ ಸೀರೆ ಉಟ್ಟವಳು ನಾನೇ. ಬಣ್ಣ ಹಾಕದ ಕೈಮಗ್ಗದ ದೋತರ ತಂದೆ, ಸುಮ್ಮನೆ ಉಡಿಸಿದೆ, ಎಲ್ಲೂ ಹೊಲಿಗೆ ಇಲ್ಲ. ಹೆಗಲಿಗೆ ಒಂದು ವಸ್ತ್ರ. ಕೊರಳಿಗೆ ಲಿಂಗದ ಕರಡಿಗೆ. ಸೊಂಟಕ್ಕೆ ಮಾತ್ರ ಒಂದು ಸಂಚಿ, ಅದನ್ನು ಅಂಗಡಿಯ ಚಿಂದಿಯಲ್ಲಿ ಹೊಲಿದೆ: ದುರ್ಯೋಧನನ ಮಖಮಲ್ಲು, ಚೆನ್ನಮ್ಮನ ಕಾಟನ್ನು, ಕೃಷ್ಣನ ಹಳದಿ, ಒಂದು ಚೂರು ಖಣ. ಅವನು ಯಾರು ಯಾರಿಗೆ ಹೊಲಿದ ಎಂದು ಆ ಸಂಚಿ ಹೇಳಲಿ ಎಂದು.

ಸೂಜಿಯ ವಿಷಯದಲ್ಲಿ ಇಬ್ಬರಿಗೂ ಜಗಳವಾಯಿತು. ದೂರದವರಿಗೆ ಕಾಣಲಿ ಎಂದು ನಾನು ರಟ್ಟಿನಲ್ಲಿ ಒಂದು ಗೇಣುದ್ದದ ಸೂಜಿ ಕತ್ತರಿಸಿದ್ದೆ. ಹುಡುಗ ಅದನ್ನು ಹಿಡಿಯಲು ಒಪ್ಪಲಿಲ್ಲ. "ನಮ್ಮಪ್ಪನ ಸೂಜಿ ಯಾರಿಗೆರ ಕಾಣ್ತದೇನ್ರಿ ಆಂಟಿ? ಖರೇ ಸೂಜಿನೇ ಬೇಕು" ಎಂದ. ಅವನ ಮಾತೇ ಸರಿ. ಕೌದಿ ಹೊಲಿಯುವ ದಪ್ಪ ಸೂಜಿ ಕೊಟ್ಟೆ, ಅದಕ್ಕೆ ನಾಲ್ಕು ಮಾರು ಕೆಂಪು ನೂಲು ಪೋಣಿಸಿದೆ. ಸೂಜಿ ಕಾಣದಿದ್ದರೂ ನೂಲು ಕಾಣುತ್ತದೆ, ನೂಲಿನ ತುದಿಯಲ್ಲಿ ಏನಿದೆ ಎಂದು ಜನ ತಾವೇ ಹುಡುಕುತ್ತಾರೆ. ತೊಡೆಯ ಮೇಲೆ ಒಂದು ತುಂಡು ಕೌದಿ ಕೊಟ್ಟು, ಟ್ರ್ಯಾಕ್ಟರಿನಲ್ಲಿ ಕೂತು ಹೊಲಿಯುತ್ತಾ ಹೋಗು ಎಂದೆ.

ಮೆರವಣಿಗೆ ಬಂತು. ಮುಂದೆ ಡೊಳ್ಳು, ಹಿಂದೆ ಬಸವಣ್ಣನ ರಥ, ನಡುವೆ ಇವರ ಟ್ರ್ಯಾಕ್ಟರು. ಬೇರೆ ಶರಣರೆಲ್ಲ ಕೈ ಎತ್ತಿ ಆಶೀರ್ವಾದ ಮಾಡುತ್ತಿದ್ದರು, ಇವನೊಬ್ಬ ತಲೆ ತಗ್ಗಿಸಿ ಹೊಲಿಯುತ್ತಿದ್ದ. ನಾನು ನಿಂತ ಕ್ರಾಸಿನಲ್ಲಿ ಟ್ರ್ಯಾಕ್ಟರು ಜಗ್ಗಿತು, ಸೂಜಿಯಿಂದ ನೂಲು ಜಾರಿತು. ಹುಡುಗ ಆಕಡೆ ಈಕಡೆ ನೋಡಲಿಲ್ಲ. ನೂಲಿನ ತುದಿಯನ್ನು ನಾಲಿಗೆಗೆ ತಾಗಿಸಿ, ಎರಡು ಬೆರಳಲ್ಲಿ ಹೊಸೆದು, ಸೂಜಿಯನ್ನು ಸೂರ್ಯನ ಕಡೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಪೋಣಿಸಿದ. ನನ್ನ ಪಕ್ಕ ನಿಂತಿದ್ದ ಅಮ್ಮನೊಬ್ಬರು, "ನೋಡ್ರೆವ್ವಾ, ಇಂವಾ ವೇಷ ಹಾಕಿಲ್ಲ" ಎಂದರು.

ಕೋಟು ಎಲ್ಲಿಗೆ ಬಂತು? ಹಿಂದಿನ ಸಾಲಿನವರು ನೋಡಿ ಆಯಿತೇ? ಹೋಗುವಾಗ ನೆನಪಿನಿಂದ ವಾಪಸು ಕೊಡಿ. ಆ ದುರ್ಯೋಧನರಿಗೆ ಈಗ ವಯಸ್ಸಾಗಿದೆ, ಈ ವರ್ಷ ಅವರ ಮಗ ಗದೆ ಹಿಡಿಯುತ್ತಿದ್ದಾರೆ. ಮಗನ ಎದೆ ಅಪ್ಪನಿಗಿಂತ ಅಗಲ. ಇವತ್ತು ರಾತ್ರಿ ಕೂತು ಎರಡೂ ಪಕ್ಕ ಒಂದೊಂದು ಇಂಚು ಬಿಚ್ಚಬೇಕು, ಶನಿವಾರದ ಬಸ್ಸಿಗೆ ಅದು ಊರು ಸೇರಬೇಕು.